ಎರಡಡಿಗೆ ಮೂರಡಿ: ಫಿಲಿಪ್ಪೀನ್ಸ್‌ನಲ್ಲಿ ರಾಜಕೀಯ ಕಲೆ ಸಿಕ್ಕಿಬೀಳುವುದು ಎಲ್ಲಿ?

2013ರ ಫೆಬ್ರವರಿ 21ರಂದು ಫಿಲಿಪ್ಪೀನ್ಸ್‌ನ ಬಾಕೊಲೊಡ್ ನಗರದಲ್ಲಿ ಸಂತ ಸೆಬಾಸ್ಟಿಯನ್ ಕ್ಯಾಥೆಡ್ರಲ್‌ನ ಮುಂಭಾಗಕ್ಕೆ ಎರಡು ಫ್ಲೆಕ್ಸ್ ಕಟ್ಟಿದರು. ಒಂದೊಂದೂ ಸುಮಾರು 6 ಅಡಿಗೆ 10 ಅಡಿ. ಗರ್ಭನಿರೋಧಕಗಳನ್ನು ಸರ್ಕಾರವೇ ಜನರಿಗೆ ಒದಗಿಸಬೇಕೆಂಬ ಕಾಯ್ದೆ ಹಿಂದಿನ ವರ್ಷವಷ್ಟೇ ಪಾಸಾಗಿತ್ತು. ಅದನ್ನು ಕಸಕ್ಕೆ ಎಸೆಯಿರಿ ಎಂದು ಮೊದಲ ಫ್ಲೆಕ್ಸ್ ಹೇಳುತ್ತಿತ್ತು. ಎರಡನೆಯದರಲ್ಲಿ ಆ ಸಲ ಚುನಾವಣೆಗೆ ನಿಂತವರ ಹೆಸರುಗಳು ಎರಡು ಪಟ್ಟಿಯಲ್ಲಿದ್ದವು. ಕಾಯ್ದೆಯನ್ನು ವಿರೋಧಿಸಿದವರು 'ಟೀಮ್ ಬುಹಾಯ್', ಅಂದರೆ ಬದುಕಿನ ತಂಡ. ಅವರಿಗೆ ಸರಿ ಗುರುತು. ಬೆಂಬಲಿಸಿದವರು 'ಟೀಮ್ ಪಟಾಯ್', ಸಾವಿನ ತಂಡ. ಅವರಿಗೆ ಕಾಟು ಗುರುತು.

ಮರುದಿನವೇ ಚುನಾವಣಾಧಿಕಾರಿಯ ಪತ್ರ ಬಂತು: ಮೂರು ದಿನದೊಳಗೆ ತೆಗೆಯಿರಿ. ಪತ್ರದ ತಕರಾರು ಇದ್ದದ್ದು ಅಳತೆಯ ಬಗ್ಗೆ. ಬರೆದದ್ದು ತಪ್ಪು ಎಂದು ಅದು ಹೇಳಲಿಲ್ಲ. ಚುನಾವಣಾ ಪ್ರಚಾರದ ಪೋಸ್ಟರು ಎರಡಡಿಗೆ ಮೂರಡಿ ಮೀರಬಾರದು ಎಂಬ ನಿಯಮವಿದೆ, ನಿಮ್ಮದು ಮೀರಿದೆ, ಅಷ್ಟೇ.

ನಿಯಮವನ್ನು ಸುಮ್ಮನೆ ಮಾಡಿದ್ದಲ್ಲ. ದುಡ್ಡಿದ್ದ ಅಭ್ಯರ್ಥಿ ಊರು ತುಂಬ ಆಳೆತ್ತರದ ಫ್ಲೆಕ್ಸ್ ಹಾಕಿ ಬಡ ಅಭ್ಯರ್ಥಿಯನ್ನು ಮುಚ್ಚಿಹಾಕಬಾರದು ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ಆದರೆ ಬಾಕೊಲೊಡ್‌ನ ಬಿಷಪ್ ಯಾವ ಕ್ಷೇತ್ರಕ್ಕೂ ನಿಂತಿರಲಿಲ್ಲ. ಗೋಡೆ ಚರ್ಚಿನದೇ, ಫ್ಲೆಕ್ಸಿಗೆ ದುಡ್ಡು ಕೊಟ್ಟದ್ದೂ ಅವರೇ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮಾರ್ಚ್‌ನಲ್ಲಿ ತಡೆಯಾಜ್ಞೆ, 2015ರ ಜನವರಿ 21ರಂದು ತೀರ್ಪು. ಅಭ್ಯರ್ಥಿಯಲ್ಲದ ಸಾಮಾನ್ಯ ಪ್ರಜೆಯ ಮಾತನ್ನು ಅಳೆಯುವ ಅಧಿಕಾರ ಚುನಾವಣಾ ಆಯೋಗಕ್ಕೆ ಇಲ್ಲ ಎಂದು ಕೋರ್ಟ್ ಹೇಳಿತು. ಎರಡು ತಂಡಗಳ ಪಟ್ಟಿಯನ್ನು ರಾಜಕೀಯ ವಿಡಂಬನೆ ಎಂದೇ ಪರಿಗಣಿಸಿತು. ಬಿಷಪ್ ಕಟ್ಟಿಸಿದ ಮಾತ್ರಕ್ಕೆ ಅದು ಧಾರ್ಮಿಕ ಭಾಷಣ ಆಗಿಬಿಡುವುದಿಲ್ಲ ಎಂದೂ ಸೇರಿಸಿತು. ಈ ತೀರ್ಪಿನಲ್ಲಿ ಕಲಾವಿದರಿಗೆ ಹೆಚ್ಚು ದಕ್ಕುವ ಭಾಗ ಅಳತೆಯ ಕುರಿತದ್ದು. ದೊಡ್ಡದಾಗಿದ್ದರೆ ದೂರದಿಂದ ಓದಬಹುದು, ವಿಷಯ ಎಷ್ಟು ಗಂಭೀರ ಎಂಬುದು ಗಾತ್ರದಿಂದಲೇ ತಿಳಿಯುತ್ತದೆ, ಹೆಚ್ಚು ಮಾತಿಗೆ ಜಾಗ ಸಿಗುತ್ತದೆ. ಆದ್ದರಿಂದ ಗಾತ್ರವೂ ಮಾತಿನ ಭಾಗವೇ, ಅದನ್ನು ಕತ್ತರಿಸಿದರೆ ಮಾತನ್ನು ಕತ್ತರಿಸಿದಂತೆ.

ಫಿಲಿಪ್ಪೀನ್ಸ್‌ನ ರಾಜಕೀಯ ಕಲೆಯ ಬಹುಪಾಲು ಜಗಳಗಳು ಹೀಗೇ ಶುರುವಾಗುತ್ತವೆ. 'ಇದನ್ನು ಹೇಳಬೇಡ' ಎಂದು ನೇರವಾಗಿ ಹೇಳುವವರು ಅಲ್ಲಿ ಕಡಿಮೆ. ಅಡ್ಡಿ ಬರುವುದು ಅಳತೆಯ ನಿಯಮದಿಂದ, ಮೆರವಣಿಗೆಯ ಪರವಾನಗಿಯಿಂದ, ಗೋಡೆಯ ಮಾಲೀಕರಿಂದ, ಹೊಗೆಯ ಕಾನೂನಿನಿಂದ, ಸಿನಿಮಾ ವರ್ಗೀಕರಣದಿಂದ. ಯಾವುದೇ ಪ್ರಕರಣ ಅರ್ಥವಾಗಬೇಕಾದರೆ ಕಲಾಕೃತಿ ಏನು ಹೇಳುತ್ತದೆ ಎನ್ನುವುದಕ್ಕಿಂತ ಮೊದಲು ಅದು ಎಲ್ಲಿ ನಿಂತಿದೆ, ಜಾಗ ಯಾರದು, ತಡೆದವರು ಸರ್ಕಾರವೋ ಖಾಸಗಿಯವರೋ, ತಡೆದದ್ದು ತೋರಿಸುವ ಮೊದಲೋ ಆಮೇಲೋ ಎಂದು ಕೇಳಿಕೊಳ್ಳಬೇಕು.

ಸಂವಿಧಾನದ ಒಂದೇ ವಾಕ್ಯ

ನಮ್ಮ ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ. ಅದರ ಬೆನ್ನಿಗೇ 19(2) ಬಂದು ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ ಎಂದು ನಿರ್ಬಂಧಗಳ ಪಟ್ಟಿ ಕೊಡುತ್ತದೆ. 1987ರ ಫಿಲಿಪ್ಪೀನ್ಸ್ ಸಂವಿಧಾನದಲ್ಲಿ ಅಂಥ ಪಟ್ಟಿ ಇಲ್ಲ. ಮೂರನೇ ಅಧ್ಯಾಯದ 4ನೇ ಸೆಕ್ಷನ್ ಒಂದೇ ವಾಕ್ಯ: ಮಾತು, ಅಭಿವ್ಯಕ್ತಿ, ಪತ್ರಿಕೆ, ಶಾಂತಿಯುತವಾಗಿ ಸಭೆ ಸೇರುವ ಹಕ್ಕು, ಇವುಗಳನ್ನು ಮೊಟಕುಗೊಳಿಸುವ ಕಾನೂನು ಮಾಡತಕ್ಕದ್ದಲ್ಲ. ಅಮೆರಿಕದ ಆಳ್ವಿಕೆಯಿಂದ ಬಂದ ಬಳುವಳಿ ಇದು. ಹದಿನಾಲ್ಕನೇ ಅಧ್ಯಾಯವಂತೂ ರಾಷ್ಟ್ರೀಯ ಸಂಸ್ಕೃತಿ 'ಮುಕ್ತ ಕಲಾತ್ಮಕ ಮತ್ತು ಬೌದ್ಧಿಕ ಅಭಿವ್ಯಕ್ತಿಯ ವಾತಾವರಣದಲ್ಲಿ' ಬೆಳೆಯಬೇಕು ಎಂದು ಕಲೆಯನ್ನು ಹೆಸರು ಹಿಡಿದೇ ಕರೆಯುತ್ತದೆ.

ಪಟ್ಟಿ ಇಲ್ಲದಿದ್ದಾಗ ಗೆರೆ ಎಳೆಯುವ ಕೆಲಸ ಕೋರ್ಟಿಗೆ ಬೀಳುತ್ತದೆ. ಅಲ್ಲಿನ ಸುಪ್ರೀಂ ಕೋರ್ಟ್ ಮೊದಲು ನೋಡುವುದು, ನಿರ್ಬಂಧ ಮಾತಿನ ಹೂರಣದ ಮೇಲಿದೆಯೇ ಅಥವಾ ಹೊತ್ತು, ಜಾಗ, ರೀತಿಯ ಮೇಲಿದೆಯೇ ಎಂದು. ಹೂರಣದ ಮೇಲಿದ್ದರೆ ಸರ್ಕಾರದ ಕೆಲಸ ಕಷ್ಟ: ಸ್ಪಷ್ಟವಾದ, ತಕ್ಷಣದ ಅಪಾಯವಿತ್ತು ಎಂದು ತೋರಿಸಬೇಕು. ಹೊತ್ತು ಮತ್ತು ಜಾಗದ ಮೇಲಿದ್ದರೆ ಪರೀಕ್ಷೆ ಸಡಿಲ. ಅಧಿಕಾರಿಗಳಿಗೆ ಇದು ಚೆನ್ನಾಗಿ ಗೊತ್ತು; ಹಾಗಾಗಿಯೇ ಹೂರಣದ ಸಿಟ್ಟು ಆಗಾಗ ಜಾಗದ ನಿಯಮದ ವೇಷ ತೊಟ್ಟು ಬರುತ್ತದೆ. ಬಾಕೊಲೊಡ್ ತೀರ್ಪಿನ ಮಹತ್ವ ಇರುವುದು ಈ ವೇಷವನ್ನು ಬಿಚ್ಚಿ ನೋಡಿದ್ದರಲ್ಲಿ.

ಆ ತೀರ್ಪು ಬಂದ ಮೇಲೂ 2022ರ ಫೆಬ್ರವರಿಯಲ್ಲಿ ಆಯೋಗ 'ಓಪ್ಲಾನ್ ಬಕ್ಲಾಸ್' ಎಂಬ ಕಿತ್ತುಹಾಕುವ ಕಾರ್ಯಾಚರಣೆ ನಡೆಸಿತು. ಖಾಸಗಿ ಆವರಣದೊಳಗೆ ಬೆಂಬಲಿಗರು ತಾವೇ ಹಾಕಿಕೊಂಡ ಫ್ಲೆಕ್ಸ್‌ಗಳೂ ಹೋದವು. ಇಸಬೆಲಾ ಪ್ರಾಂತ್ಯದ ಎಚಾಗೆಯಲ್ಲಿ ಅಧ್ಯಕ್ಷ ಅಭ್ಯರ್ಥಿ ಲೆನಿ ರೊಬ್ರೆಡೊ ಅವರ ಭಿತ್ತಿಚಿತ್ರದ ಮೇಲೆ ಬಿಳಿ ಬಣ್ಣ ಬಿತ್ತು. ಸುಪ್ರೀಂ ಕೋರ್ಟ್ ಮಾರ್ಚ್‌ನಲ್ಲಿ ತಡೆ ಕೊಟ್ಟು, 2023ರಲ್ಲಿ ಖಾಸಗಿ ಜಾಗದ ಮೇಲಿನ ಈ ಕಾರ್ಯಾಚರಣೆ ಸಂವಿಧಾನಬಾಹಿರ ಎಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು ಒಂದು ವರ್ಷ ದಾಟಿತ್ತು. ಚುನಾವಣೆಯ ಕಲೆಗೆ ಆಯುಸ್ಸು ಮೂರು ತಿಂಗಳು, ಕೋರ್ಟಿನ ಕಾಗದಕ್ಕೆ ಎರಡು ವರ್ಷ. ತಕ್ಷಣದ ತಡೆಯಾಜ್ಞೆ ಸಿಗದಿದ್ದರೆ ಕೇಸು ಗೆದ್ದರೂ ಗೋಡೆ ಬಿಳಿಯೇ.

ವೇಷಭೂಷಣದೊಳಗಿನ ಬಾವುಟ

ಅಡ್ಡದಾರಿಯಲ್ಲಿ ಬರುವ ನಿರ್ಬಂಧಕ್ಕೆ ಅಡ್ಡದಾರಿಯಲ್ಲೇ ಉತ್ತರಿಸುವ ಪರಿಪಾಠ ಅಲ್ಲಿ ಹಳೆಯದು. ಅಮೆರಿಕನ್ನರು 1901ರಲ್ಲಿ ತಂದ ರಾಜದ್ರೋಹ ಕಾಯ್ದೆ, ಬಂಡಾಯ ಮುಗಿಯುವವರೆಗೆ ಸ್ವಾತಂತ್ರ್ಯ ಬೇಕೆಂದು ಶಾಂತಿಯುತವಾಗಿ ಹೇಳುವುದನ್ನೂ ಅಪರಾಧ ಮಾಡಿತ್ತು. ಆಗ ಮನಿಲಾ ಸುತ್ತಮುತ್ತ ತಗಲೋಗ್ ಭಾಷೆಯ ಪ್ರೇಮನಾಟಕಗಳು ಜೋರಾಗಿ ನಡೆಯತೊಡಗಿದವು. ಮೇಲುನೋಟಕ್ಕೆ ಮಾಮೂಲಿ ಕಥೆ: ಒಬ್ಬಳು ಹುಡುಗಿ, ಒಬ್ಬ ಪ್ರೇಮಿ, ಅವಳನ್ನು ಬಂಧಿಸಿಟ್ಟ ಒಬ್ಬ ದುರಾಸೆಯವನು. ಹ್ವಾನ್ ಅಬಾದ್ 1902ರಲ್ಲಿ ಬರೆದ 'ತಾನಿಕಾಲಾಂಗ್ ಗಿಂತೊ', ಅಂದರೆ ಚಿನ್ನದ ಸರಪಳಿ, ನಾಟಕದಲ್ಲಿ ಹುಡುಗಿಯ ಹೆಸರು ಲಿವಾನಾಗ್, ಬೆಳಕು. ಸರಪಳಿ ತೊಡಿಸುವವನು ಮೈಂಬೊಟ್, ಅತಿಯಾಸೆಯವನು. ಯಾರು ಯಾರೆಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನೂ ಚುರುಕಿನ ಉಪಾಯ ಬಟ್ಟೆಯಲ್ಲಿತ್ತು. ನಟರ ಉಡುಪಿನ ಬಣ್ಣಗಳನ್ನು ಬೇರೆಬೇರೆಯಾಗಿ ಹೊಲಿಸುತ್ತಿದ್ದರು. ಬಿಡಿಬಿಡಿಯಾಗಿ ನಿಂತಾಗ ಅವು ಬರೀ ಬಟ್ಟೆ. ಒಂದು ಸನ್ನೆಗೆ ಎಲ್ಲರೂ ಸರಿದು ಸಾಲಾಗಿ ನಿಂತರೆ ಸ್ವಾತಂತ್ರ್ಯ ಹೋರಾಟದ ಬಾವುಟ ಮೂಡುತ್ತಿತ್ತು. ಸಭೆ ಎದ್ದು ಕೂಗುವಷ್ಟರಲ್ಲಿ ಮತ್ತೆ ಚದುರಿಬಿಡುತ್ತಿದ್ದರು. ಸಾಕ್ಷಿಗೆ ಹಿಡಿಯಲು ಪೊಲೀಸರಿಗೆ ಬಾವುಟವೇ ಸಿಗುತ್ತಿರಲಿಲ್ಲ. 1907ರಲ್ಲಿ ಬಾವುಟ ಹಾರಿಸುವುದನ್ನೇ ನಿಷೇಧಿಸುವ ಪ್ರತ್ಯೇಕ ಕಾನೂನು ಬಂದು 1919ರವರೆಗೆ ಉಳಿಯಿತು. ಎಲ್ಲರೂ ಪಾರಾಗಲಿಲ್ಲ ಎನ್ನುವುದನ್ನೂ ಹೇಳಬೇಕು: 1903ರ ಮೇ 14ರಂದು ಮನಿಲಾದ ತೆಯಾತ್ರೊ ಲಿಬೆರ್ತಾದ್‌ನಲ್ಲಿ ನಡೆದ 'ಕಹಾಪೊನ್, ಙಯೋನ್ ಆತ್ ಬುಕಾಸ್' ನಾಟಕಕ್ಕಾಗಿ ಔರೆಲಿಯೊ ತೊಲೆಂತಿನೊ ಅವರಿಗೆ ಎರಡು ವರ್ಷದ ಸೆರೆ, 2,000 ಡಾಲರ್ ದಂಡ.

ಎಪ್ಪತ್ತರ ದಶಕದಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಸೇನಾಡಳಿತ ಹೇರಿದಾಗ ಮೊದಲ ಏಟು ಪತ್ರಿಕೆ, ರೇಡಿಯೊ, ಟೀವಿಗಳಿಗೆ ಬಿತ್ತು. ಚಿತ್ರಕಲೆಗೆ ಸ್ವಲ್ಪ ಉಸಿರಾಡಲು ಜಾಗ ಉಳಿಯಿತು, ಯಾಕೆಂದರೆ ಗ್ಯಾಲರಿಗೆ ಹೋಗುವವರು ಕಡಿಮೆ. 1976ರಲ್ಲಿ ಒಟ್ಟಾದ 'ಕೈಸಹಾನ್' ಗುಂಪಿನ ಸಾಮಾಜಿಕ ವಾಸ್ತವವಾದಿಗಳು ಆ ಜಾಗವನ್ನು ಬಳಸಿಕೊಂಡರು. ಅವರಲ್ಲೊಬ್ಬರಾದ ಆಂತಿಪಾಸ್ ದೆಲೊತಾವೊ 1978ರಲ್ಲಿ ಮಾಡಿದ ಜಲವರ್ಣ ಚಿತ್ರವೊಂದಿದೆ: ಬಡಕಲು ಮುದುಕ ಕೂಲಿಯೊಬ್ಬ ತಲೆ ತಗ್ಗಿಸಿ ನಡೆಯುತ್ತಿದ್ದಾನೆ, ಹಿಂದೆ ಗೋಡೆಯ ತುಂಬ ಕೋಕಾ ಕೋಲಾದ ಕೆಂಪು ಜಾಹೀರಾತು, ಆ ಅಕ್ಷರದ ಬಾಲ ಕತ್ತಿಯ ಮೊನೆಯಾಗಿ ಅವನ ಎದೆಗೆ ನಾಟಿದೆ. ಸರ್ಕಾರದ ಹೆಸರಿಲ್ಲ, ಸೈನಿಕನ ಚಿತ್ರವಿಲ್ಲ. ಯಾವ ಕಲಂ ಹಾಕುತ್ತಾರೆ?

ದೇವರ ವಿಷಯದಲ್ಲಿ ಎರಡು ಕಲಂ

ಇಂದಿಗೂ ಕಲಾವಿದರನ್ನು ಅತಿ ಸುಲಭವಾಗಿ ಜೈಲಿನವರೆಗೆ ಒಯ್ಯಬಲ್ಲದ್ದು ಧರ್ಮದ ವಿಷಯ. 1930ರ ದಂಡಸಂಹಿತೆಯ ಎರಡು ಕಲಂಗಳನ್ನು ಇಲ್ಲಿ ಬಿಡಿಬಿಡಿಯಾಗಿ ನೋಡಬೇಕು; ಸುದ್ದಿಗಳಲ್ಲಿ ಅವು ಒಂದೇ ಎಂಬಂತೆ ಕಲೆಸಿಹೋಗುತ್ತವೆ.

133ನೇ ಕಲಂ ಧಾರ್ಮಿಕ ಭಾವನೆಗೆ ಧಕ್ಕೆ ತರುವುದರ ಕುರಿತದ್ದು. ಆದರೆ ಅದು ಅನ್ವಯಿಸಬೇಕಾದರೆ ಕೃತ್ಯ ಪೂಜಾಸ್ಥಳದೊಳಗೆ ಆಗಿರಬೇಕು, ಇಲ್ಲವೇ ಧಾರ್ಮಿಕ ವಿಧಿ ನಡೆಯುತ್ತಿರುವಾಗ ಆಗಿರಬೇಕು. ನಮ್ಮ ಹಳೆಯ ದಂಡಸಂಹಿತೆಯ 295ಎಗೆ ಇಂಥ ಜಾಗದ ಷರತ್ತು ಇರಲಿಲ್ಲ. ಆ ಮಟ್ಟಿಗೆ ಅವರದು ಕಿರಿದು. 2010ರ ಸೆಪ್ಟೆಂಬರ್ 30ರಂದು ಕಾರ್ಲೋಸ್ ಸೆಲ್ದ್ರಾನ್ ಎಂಬ ಪ್ರದರ್ಶನ ಕಲಾವಿದ ಈ ಷರತ್ತಿನ ಒಳಗೇ ಕಾಲಿಟ್ಟರು. ರಾಷ್ಟ್ರವೀರ ಹೊಸೆ ರಿಸಾಲ್ ಅವರಂತೆ ಕಪ್ಪು ಕೋಟು, ಟೊಪ್ಪಿ ತೊಟ್ಟು, ಮನಿಲಾ ಕ್ಯಾಥೆಡ್ರಲ್‌ನಲ್ಲಿ ಪ್ರಾರ್ಥನಾಸಭೆ ನಡೆಯುತ್ತಿದ್ದಾಗ ಒಳಹೊಕ್ಕು 'ದಮಾಸೊ' ಎಂದು ಬರೆದ ಫಲಕ ಎತ್ತಿ ಹಿಡಿದರು. ದಮಾಸೊ ಎಂದರೆ ರಿಸಾಲ್ 1887ರಲ್ಲಿ ಪ್ರಕಟಿಸಿದ ಕಾದಂಬರಿಯ ದರ್ಪಿಷ್ಠ ಪಾದ್ರಿ. ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಒಂದೇ ಪದದ ಕಲಾಕೃತಿ. ಬಾಕೊಲೊಡ್ ಫ್ಲೆಕ್ಸಿನ ಹಿಂದಿದ್ದದ್ದೂ ಇದೇ ಗರ್ಭನಿರೋಧಕದ ವಿವಾದ ಎನ್ನುವುದು ಗಮನಾರ್ಹ: ಬಿಷಪ್‌ಗಳ ಮಾತಿಗೆ ರಕ್ಷಣೆ ಸಿಕ್ಕಿತು, ಬಿಷಪ್‌ಗಳಿಗೆ ಹೇಳಿದ ಮಾತಿಗೆ ಸಿಗಲಿಲ್ಲ. ಸೆಲ್ದ್ರಾನ್‌ಗೆ ಕೆಳಕೋರ್ಟ್ ಕನಿಷ್ಠ 2 ತಿಂಗಳು 21 ದಿನ, ಗರಿಷ್ಠ 1 ವರ್ಷ 1 ತಿಂಗಳು 11 ದಿನದ ಶಿಕ್ಷೆ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರು ದೇಶ ಬಿಟ್ಟು ಸ್ಪೇನಿಗೆ ಹೋದರು, 2019ರಲ್ಲಿ ಮಡ್ರಿಡ್‌ನಲ್ಲಿ ತೀರಿಕೊಂಡರು. ಅದೇ ಫಲಕವನ್ನು ಚರ್ಚಿನ ಮೆಟ್ಟಿಲಿನಾಚೆ, ಬೀದಿಯಲ್ಲಿ ಹಿಡಿದಿದ್ದರೆ 133 ತಾಕುತ್ತಿರಲಿಲ್ಲ. ತಾಕಬೇಕೆಂದೇ ಅವರು ಒಳಗೆ ಹೋದದ್ದು ಎನ್ನುವುದು ಬೇರೆ ಮಾತು.

201ನೇ ಕಲಂಗೆ ಜಾಗದ ಹಂಗಿಲ್ಲ. ಅಶ್ಲೀಲ ಪ್ರಕಟಣೆ, ಅಸಭ್ಯ ಪ್ರದರ್ಶನ ಎಂಬ ತಲೆಬರಹದ ಕೆಳಗೆ 'ಯಾವುದೇ ಜನಾಂಗ ಅಥವಾ ಧರ್ಮವನ್ನು ನೋಯಿಸುವ' ಪ್ರದರ್ಶನವನ್ನೂ ಅದು ಸೇರಿಸಿಕೊಂಡಿದೆ. ಶಿಕ್ಷೆ 6 ವರ್ಷ 1 ದಿನದಿಂದ 12 ವರ್ಷ, ಇಲ್ಲವೇ ದಂಡ, ಇಲ್ಲವೇ ಎರಡೂ. 133ಕ್ಕೆ ಹೆಚ್ಚೆಂದರೆ 2 ವರ್ಷ 4 ತಿಂಗಳು. ಚರ್ಚಿನೊಳಗೆ ಹೋಗಿ ನೋಯಿಸುವುದಕ್ಕಿಂತ ಗ್ಯಾಲರಿಯಲ್ಲಿ ನೋಯಿಸುವುದು ದೊಡ್ಡ ಅಪರಾಧ ಎಂಬಂತಾಗಿದೆ ಇದು. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಹಳೆಯ ಕಾನೂನಿಗೆ ತೇಪೆ ಹಚ್ಚುತ್ತ ಬಂದದ್ದರ ಫಲ.

2011ರಲ್ಲಿ ಮನಿಲಾದ ಸರ್ಕಾರಿ ಸಾಂಸ್ಕೃತಿಕ ಕೇಂದ್ರದ ಗ್ಯಾಲರಿಯಲ್ಲಿ 'ಕುಲೊ' ಎಂಬ ಸಮೂಹ ಪ್ರದರ್ಶನ ನಡೆಯಿತು. ಅದರಲ್ಲಿ ಮಿಡಿಯೊ ಕ್ರೂಸ್ ಅವರ 'ಪೊಲೆತೈಸ್ಮೊ' ಎಂಬ ರಚನೆ ಇತ್ತು: ಗೋಡೆ ತುಂಬ ಕ್ರಿಸ್ತ, ಮೇರಿ, ರಾಜಕಾರಣಿಗಳು, ಸಿನಿಮಾ ತಾರೆಯರು, ಜಾಹೀರಾತುಗಳ ಚಿತ್ರಗಳ ಅಂಟಿಕೆ, ಕ್ರಿಸ್ತನ ಮುಖಕ್ಕೆ ಮರದ ಶಿಶ್ನವೊಂದನ್ನು ತಗುಲಿಸಿದ್ದರು. ಜೂನ್‌ನಲ್ಲಿ ಬಾಗಿಲು ತೆರೆದಾಗ ಗದ್ದಲವಿರಲಿಲ್ಲ. ಟೀವಿಯಲ್ಲಿ ಬಂದ ಮೇಲೆ ಎದ್ದಿತು. ಆಗಸ್ಟ್‌ನಲ್ಲಿ ಯಾರೋ ಕೃತಿಯನ್ನು ಹಾಳುಗೆಡವಿ ಬೆಂಕಿ ಹಚ್ಚಲು ನೋಡಿದರು, ಅಧ್ಯಕ್ಷರಿಂದ ಹಿಡಿದು ಹಳೆಯ ಸರ್ವಾಧಿಕಾರಿಯ ಪತ್ನಿ ಇಮೆಲ್ಡಾ ಮಾರ್ಕೋಸ್‌ವರೆಗೆ ಎಲ್ಲರೂ ಅಭಿಪ್ರಾಯ ಹೇಳಿದರು, ಆಗಸ್ಟ್ 9ರಂದು ಆಡಳಿತ ಗ್ಯಾಲರಿಯನ್ನು ಮುಚ್ಚಿತು. ದೃಶ್ಯಕಲಾ ವಿಭಾಗದ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಯಾವ ಕೋರ್ಟೂ ಮುಚ್ಚಿ ಎಂದಿರಲಿಲ್ಲ. ಬೆದರಿಕೆ ಹಾಕಿದವರನ್ನು ತಡೆಯುವ ಬದಲು ಬೆದರಿಕೆಗೆ ಒಳಗಾದ ಕೃತಿಯನ್ನು ತೆಗೆದರು. ಸರ್ಕಾರಿ ಗ್ಯಾಲರಿಯಾದ್ದರಿಂದ ಇದು ಸಂವಿಧಾನದ ಪ್ರಶ್ನೆಯಾಗಬಹುದಿತ್ತು. ಖಾಸಗಿ ಗ್ಯಾಲರಿ ಹೀಗೆ ಮುಚ್ಚಿದ್ದರೆ ಕಲಾವಿದನ ಕೈಯಲ್ಲಿ ಉಳಿಯುವುದು ಕರಾರುಪತ್ರ ಮಾತ್ರ, ಯಾಕೆಂದರೆ ಮೂಲಭೂತ ಹಕ್ಕು ನಿಲ್ಲುವುದು ಸರ್ಕಾರದ ಎದುರು.

ಪುರಾ ಲುಕಾ ವೇಗಾ ಎಂಬ ಡ್ರ್ಯಾಗ್ (ಲಿಂಗದ ಚೌಕಟ್ಟು ಮೀರಿದ ಅಬ್ಬರದ ವೇಷ ತೊಟ್ಟು ಪ್ರದರ್ಶನ ಕೊಡುವ) ಕಲಾವಿದರದ್ದು ಹೊಸ ಉದಾಹರಣೆ. 2023ರಲ್ಲಿ ಕ್ರಿಸ್ತನ ವೇಷದಲ್ಲಿ 'ಅಮಾ ನಮಿನ್' ಪ್ರಾರ್ಥನೆಯ ರಾಕ್ ರೂಪಕ್ಕೆ ಕುಣಿದ ವಿಡಿಯೊ ಹರಿದಾಡಿತು. ಅನೇಕ ನಗರಸಭೆಗಳು ಅವರನ್ನು 'ಬೇಡದ ವ್ಯಕ್ತಿ' ಎಂದು ನಿರ್ಣಯ ಮಾಡಿದವು. ಕಾನೂನಿನಲ್ಲಿ ಆ ನಿರ್ಣಯಕ್ಕೆ ಬೆಲೆಯಿಲ್ಲ, ಪ್ರಜೆಯೊಬ್ಬ ಊರಿಗೆ ಬರುವುದನ್ನು ಅದು ತಡೆಯಲಾರದು. 201ಕ್ಕೆ ಬೆಲೆ ಇದೆ: ಅಕ್ಟೋಬರ್‌ನಲ್ಲಿ ಬಂಧನ, 72,000 ಪೆಸೊ ಜಾಮೀನು.

ಬೀದಿಗಿಳಿಯುವ ಕಲೆ

ಫಿಲಿಪ್ಪೀನ್ಸ್‌ನ ರಾಜಕೀಯ ಕಲೆಯಲ್ಲಿ ಅತಿ ಹೆಚ್ಚು ಜನ ನೋಡುವುದು ಪ್ರತಿಕೃತಿಯನ್ನು. ಜುಲೈ ನಾಲ್ಕನೇ ಸೋಮವಾರ ಸಂಸತ್ತು ಸೇರಿ, ಅಧ್ಯಕ್ಷರು ವಾರ್ಷಿಕ ಭಾಷಣ ಮಾಡುತ್ತಾರೆ. ಅದೇ ಹೊತ್ತಿಗೆ ಕೆಸೋನ್ ಸಿಟಿಯ ಕಾಮನ್‌ವೆಲ್ತ್ ಅವೆನ್ಯೂದಲ್ಲಿ ಪ್ರತಿಭಟನೆಯ ಮೆರವಣಿಗೆ, ಅದರ ನಡುವೆ ಅಧ್ಯಕ್ಷರ ಆಳೆತ್ತರ ಮೀರಿದ ಪ್ರತಿಕೃತಿ. ಉಗತ್‌ಲಾಹಿ ಎಂಬ ಕಲಾವಿದರ ಕೂಟ ಈ ಕೆಲಸಕ್ಕೆ ಹೆಸರಾದದ್ದು. 2017ರಲ್ಲಿ ಅವರು ಆಗಿನ ಅಧ್ಯಕ್ಷ ದುತೆರ್ತೆಗೆ ಮಾಡಿದ್ದು ರೂಬಿಕ್ಸ್ ಕ್ಯೂಬ್‌ನಂತೆ ತಿರುಗಿ ಮುಖ ಬದಲಿಸುವ ರಚನೆ. ಅದೇ ನವೆಂಬರ್‌ನಲ್ಲಿ ಟ್ರಂಪ್ ಮನಿಲಾಕ್ಕೆ ಬಂದಾಗ, ಸ್ವಸ್ತಿಕದ ಆಕಾರದಲ್ಲಿ ನಾಲ್ಕು ಕೈ ಗರಗರ ತಿರುಗುವ ಪ್ರತಿಕೃತಿ.

ಇದರ ಕಟ್ಟೋಣ ಹಬ್ಬದ ಬೊಂಬೆಯಷ್ಟು ಸರಳವಲ್ಲ. ಬಿದಿರು, ಮರದ ರೀಪು, ತಂತಿಬಲೆಯ ಹಂದರ. ಮೇಲೆ ಹಳೆಯ ಪತ್ರಿಕೆಯನ್ನು ಗಂಜಿಯ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚಿ, ಒಣಗಿಸಿ, ಬಣ್ಣ. ಕೆಳಗೆ ಚಕ್ರದ ಗಾಡಿ. ಜುಲೈ ಅಲ್ಲಿ ಮಳೆ ಮತ್ತು ಚಂಡಮಾರುತದ ಕಾಲ. ಒಳಪದರ ಒಣಗುವ ಮೊದಲೇ ಮೇಲೆ ಇನ್ನೊಂದು ಹಚ್ಚಿದರೆ ಮುಖ ಕುಸಿಯುತ್ತದೆ. ನೆನೆದ ಕಾಗದ ತೂಕವಾಗಿ ಹಂದರವನ್ನು ವಾಲಿಸುತ್ತದೆ. ರಸ್ತೆಗೆ ಅಡ್ಡಲಾಗಿ ಪಾದಚಾರಿ ಸೇತುವೆಗಳು, ಕರೆಂಟಿನ ತಂತಿಗಳು. ಹಾಗಾಗಿ ತಲೆಯನ್ನೋ ಕೈಯನ್ನೋ ಬೇರೆಯಾಗಿ ಮಾಡಿ ಸ್ಥಳದಲ್ಲಿ ಜೋಡಿಸುವುದು ಜಾಣತನ. ಮುಖಕ್ಕೆ ಥರ್ಮೊಕೋಲ್ ಬಳಸಿದರೆ ಹಗುರ, ಕೊರೆಯಲು ಸುಲಭ, ಆದರೆ ಕೊನೆಗೆ ಬೆಂಕಿ ಇಟ್ಟಾಗ ಕರಿ ವಿಷಹೊಗೆ. 2000ದ ಘನತ್ಯಾಜ್ಯ ಕಾಯ್ದೆ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸುತ್ತದೆ. ವಾರಗಟ್ಟಲೆ ಕೂತು ಮಾಡಿದ ಶಿಲ್ಪ ಕಸವೇ ಎಂದು ವಾದಿಸಬಹುದು, ಆದರೆ ಆ ವಾದ ಮಾಡಬೇಕಾದದ್ದು ಕೇಸು ಬಿದ್ದ ಮೇಲೆ.

ಮೆರವಣಿಗೆಯ ಪರವಾನಗಿಗೆ 1985ರ ಸಾರ್ವಜನಿಕ ಸಭಾ ಕಾಯ್ದೆ ಇದೆ. ಮಾರ್ಕೋಸ್ ಕಾಲದ್ದಾದರೂ ಓದಿದವರಿಗೆ ಅದು ಆಯುಧ. ಅರ್ಜಿಯಲ್ಲಿ ಮುಖಂಡರ ಹೆಸರು, ಉದ್ದೇಶ, ದಿನ, ಹೊತ್ತು, ದಾರಿ, ಬರುವವರ ಅಂದಾಜು ಸಂಖ್ಯೆ, ವಾಹನ ಮತ್ತು ಧ್ವನಿವರ್ಧಕದ ವಿವರ ಬರೆದು ಕನಿಷ್ಠ 5 ಕೆಲಸದ ದಿನ ಮೊದಲು ಮೇಯರ್ ಕಚೇರಿಗೆ ಕೊಡಬೇಕು. ಮೇಯರ್ 2 ಕೆಲಸದ ದಿನದೊಳಗೆ ತೀರ್ಮಾನಿಸದಿದ್ದರೆ ಪರವಾನಗಿ ಸಿಕ್ಕಂತೆಯೇ. ಗುಮಾಸ್ತ ಅರ್ಜಿ ತೆಗೆದುಕೊಳ್ಳಲು ಒಪ್ಪದಿದ್ದರೆ ಅದನ್ನು ಕಚೇರಿಯ ಆವರಣದಲ್ಲೇ ಅಂಟಿಸಿ ಬರಬಹುದು, ಸಲ್ಲಿಸಿದಂತೆ ಲೆಕ್ಕ. ನಿರಾಕರಿಸಿದರೆ ಕೋರ್ಟಿಗೆ ಹೋಗಬಹುದು, ಕೋರ್ಟ್ 24 ಗಂಟೆಯಲ್ಲಿ ತೀರ್ಮಾನಿಸಬೇಕು. ಪೊಲೀಸ್ ಪಡೆ 100 ಮೀಟರ್ ದೂರ ನಿಲ್ಲಬೇಕು. ಮುಕ್ತ ಉದ್ಯಾನವೆಂದು ಘೋಷಿಸಿದ ಜಾಗ, ಮಾಲೀಕರ ಒಪ್ಪಿಗೆಯಿರುವ ಖಾಸಗಿ ಜಾಗ, ಸರ್ಕಾರಿ ವಿದ್ಯಾಸಂಸ್ಥೆಯ ಆವರಣ, ಇವಕ್ಕೆ ಪರವಾನಗಿಯೇ ಬೇಡ. ಉದ್ಯಾನ ಗುರುತಿಸದ ಊರುಗಳನ್ನು 2006ರಲ್ಲಿ ಸುಪ್ರೀಂ ಕೋರ್ಟ್ ತರಾಟೆಗೆ ತೆಗೆದುಕೊಂಡು, 30 ದಿನದೊಳಗೆ ಗುರುತಿಸದಿದ್ದರೆ ಅಲ್ಲಿನ ಎಲ್ಲ ಸಾರ್ವಜನಿಕ ಉದ್ಯಾನ, ಚೌಕಗಳೂ ಮುಕ್ತವೆಂದೇ ಲೆಕ್ಕ ಎಂದಿತು.

ಇಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ 'ಇಲ್ಲ' ಎಂಬ ಉತ್ತರದಿಂದಲ್ಲ, 'ಆಯಿತು, ಆದರೆ ಬೇರೆ ಕಡೆ' ಎಂಬುದರಿಂದ. 2006ರಲ್ಲಿ ವಕೀಲರ ಸಂಘವೇ ಅಧ್ಯಕ್ಷರ ಅರಮನೆಯ ಬಳಿಯ ಮೆಂದಿಯೋಲಾ ಸೇತುವೆ ಹತ್ತಿರ ಸೇರಲು ಅರ್ಜಿ ಹಾಕಿತು. ಮನಿಲಾ ಮೇಯರ್ ಪ್ಲಾಸಾ ಮಿರಾಂದಾಕ್ಕೆ ಪರವಾನಗಿ ಕೊಟ್ಟರು, ಕಾರಣ ಹೇಳಲಿಲ್ಲ. ಕಾರಣವಿಲ್ಲದೆ ಜಾಗ ಬದಲಿಸುವುದು ಅಧಿಕಾರದ ಘೋರ ದುರ್ಬಳಕೆ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಾರ ಕಣ್ಣಿಗೆ ಬೀಳಬೇಕೋ ಅವರಿಗೆ ಕಾಣದ ಪ್ರತಿಕೃತಿ ಬರೀ ಕಾಗದ, ಬಿದಿರು.

ಗೋಡೆಯ ವಿಷಯದಲ್ಲಿ ಕೋರ್ಟಿನಿಂದ ಇಷ್ಟು ಉದಾರತೆ ನಿರೀಕ್ಷಿಸಬಾರದು. 2019ರ ನವೆಂಬರ್‌ನಲ್ಲಿ ಪಂದಾಯ್ ಸಿನಿಂಗ್ ಎಂಬ ತಂಡ ಮನಿಲಾದ ಲಗುಸ್ನಿಲಾದ್ ಸುರಂಗದಾರಿಯಲ್ಲಿ, ಹೊಸದಾಗಿ ಬಣ್ಣ ಬಳಿದಿದ್ದ ಗೋಡೆಗಳ ಮೇಲೆ ಘೋಷಣೆ ಬರೆಯಿತು. ಮೇಯರ್ ಕೆಂಡವಾದರು, ತಿಂಗಳ ಕೊನೆಗೆ ನಾಲ್ವರ ಬಂಧನವಾಯಿತು. ಪರರ ಗೋಡೆ ಹಾಳುಮಾಡಿದ್ದು ಎಂಬ ಪ್ರಶ್ನೆ ಬಂದೊಡನೆ ಘೋಷಣೆಯಲ್ಲಿ ಏನಿತ್ತು ಎನ್ನುವುದು ಹಿಂದೆ ಸರಿಯುತ್ತದೆ.

ಒಪ್ಪಿಗೆ ಪಡೆದು ಬರೆದರೂ ಒಂದು ಗುಂಡಿ ಇದೆ. 2007ರಲ್ಲಿ ಮನಿಲಾದ ನ್ಯಾಷನಲ್ ಪ್ರೆಸ್ ಕ್ಲಬ್, ನಿಯೊ ಅಂಗೊನೊ ಎಂಬ ಕಲಾವಿದರ ಕೂಟದಿಂದ ಪತ್ರಿಕಾ ಸ್ವಾತಂತ್ರ್ಯದ ಮೇಲೆ ಭಿತ್ತಿಚಿತ್ರ ಬರೆಸಿತು. ಅಧ್ಯಕ್ಷೆ ಅರೊಯೊ ಅನಾವರಣಕ್ಕೆ ಬರುವ ಮೊದಲು ಅದರ ಕೆಲವು ಭಾಗಗಳ ಮೇಲೆ ಬೇರೆ ಬಣ್ಣ ಬಿದ್ದಿತ್ತು. ಪತ್ರಿಕಾ ಸ್ವಾತಂತ್ರ್ಯದ ಚಿತ್ರಕ್ಕೇ! ಫಿಲಿಪ್ಪೀನ್ಸ್ ಕೃತಿಸ್ವಾಮ್ಯ ಕಾನೂನಿನ 193ನೇ ಸೆಕ್ಷನ್ ಪ್ರಕಾರ, ಕೃತಿ ಮಾರಿದ ಮೇಲೂ ಅದನ್ನು ತನ್ನ ಗೌರವಕ್ಕೆ ಕುಂದಾಗುವಂತೆ ತಿರುಚುವುದನ್ನು ಕಲಾವಿದ ವಿರೋಧಿಸಬಹುದು. ಆದರೆ 197ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ: ಷರತ್ತಿಲ್ಲದೆ ಕೊಟ್ಟ ಕೃತಿಯನ್ನು ಪೂರ್ತಿ ನಾಶ ಮಾಡಿದರೆ ಹಕ್ಕು ಉಲ್ಲಂಘನೆಯಲ್ಲ. ಮೂಗು ತಿದ್ದಿದರೆ ತಪ್ಪು, ಇಡೀ ಗೋಡೆಗೆ ಸುಣ್ಣ ಬಳಿದರೆ ಸರಿ. ಆದ್ದರಿಂದ ಕರಾರಿನಲ್ಲೇ 'ಇಷ್ಟು ವರ್ಷ ಅಳಿಸಬಾರದು, ಅಳಿಸುವುದಾದರೆ ಮೊದಲೇ ತಿಳಿಸಬೇಕು' ಎಂದು ಬರೆಸಿಕೊಳ್ಳದವರು ಆಮೇಲೆ ಪರಿತಪಿಸುತ್ತಾರೆ.

ಸಿನಿಮಾಕ್ಕೆ ಮಾತ್ರ ಮೊದಲೇ ತಡೆ

ಚಿತ್ರಕಲೆ, ನಾಟಕ, ಪುಸ್ತಕ ಯಾವುದಕ್ಕೂ ಅಲ್ಲಿ ಮುಂಚಿತ ಅನುಮತಿ ಬೇಡ. ಸಿನಿಮಾ ಮತ್ತು ಟೀವಿಗೆ ಬೇಕು. 1982ರಿಂದ ಒಂದೇ ಮನೆತನದ ಕಥೆಯನ್ನು ಹಿಡಿದು ಹೊರಟರೆ ಇದರ ಹಿಂದುಮುಂದು ತಿಳಿಯುತ್ತದೆ.

ಆ ವರ್ಷದ ಡಿಸೆಂಬರ್ 7ರಂದು ಸೇನೆ ಹೊಸೆ ಬುರ್ಗೋಸ್ ಅವರ 'ವಿ ಫೋರಂ' ಪತ್ರಿಕೆಯ ಮೇಲೆ ದಾಳಿ ಮಾಡಿ ಮುದ್ರಣ ಯಂತ್ರ, ಟೈಪ್‌ರೈಟರ್, ಕಾಗದ, ಕೊನೆಗೆ ವಾಹನಗಳನ್ನೂ ಬುಡಮೇಲು ಕೃತ್ಯದ ಸಲಕರಣೆ ಎಂದು ಹೊತ್ತೊಯ್ದಿತು. 1984ರ ಡಿಸೆಂಬರ್ 26ರಂದು ಸುಪ್ರೀಂ ಕೋರ್ಟ್ ಆ ವಾರಂಟುಗಳನ್ನು ರದ್ದು ಮಾಡಿತು. ಏನನ್ನು ಬೇಕಾದರೂ ಹುಡುಕಲು ಬಿಡುವ ವಾರಂಟ್ ಅಸಿಂಧು, ಪತ್ರಿಕೆ ಮುಚ್ಚಿಸುವುದು ಪೂರ್ವನಿರ್ಬಂಧ ಎಂದಿತು. ಅದೇ ಹೊತ್ತಿಗೆ ಸಿನಿಮಾ ನಿರ್ದೇಶಕ ಲಿನೊ ಬ್ರೊಕಾ ಅವರ 'ಕಾಪಿತ್ ಸಾ ಪತಾಲಿಮ್' ಚಿತ್ರಕ್ಕೆ ಸೆನ್ಸಾರ್ ಮಂಡಳಿ ಕತ್ತರಿ ಹಾಕಿದ ಪ್ರಕರಣವೂ ಬಂತು. 1985ರ ಜುಲೈ 22ರ ತೀರ್ಪಿನಲ್ಲಿ ಮಂಡಳಿಯ ಕೆಲಸ ಚಿತ್ರಗಳನ್ನು ವರ್ಗೀಕರಿಸುವುದಷ್ಟೇ ಎಂದು ಕೋರ್ಟ್ ಹೇಳಿತು. ಮಂಡಳಿ ತಪ್ಪು ಮಾಡಿದೆ ಎಂದು ಬಹಳ ನ್ಯಾಯಮೂರ್ತಿಗಳಿಗೆ ಅನ್ನಿಸಿದರೂ ಹಾಗೆಂದು ಆದೇಶಿಸಲು ಬೇಕಾದಷ್ಟು ಮತ ಬೀಳಲಿಲ್ಲ, ಅರ್ಜಿ ವಜಾ ಆಯಿತು. ಮೂರು ತಿಂಗಳೂ ಕಳೆಯುವ ಮೊದಲು, ಅಕ್ಟೋಬರ್ 5ರಂದು, ಮಾರ್ಕೋಸ್ 1986ನೇ ಸಂಖ್ಯೆಯ ಅಧ್ಯಕ್ಷೀಯ ಆಜ್ಞೆ ಹೊರಡಿಸಿ ಎಂಟಿಆರ್‌ಸಿಬಿ ಎಂಬ ಇಂದಿನ ಮಂಡಳಿಯನ್ನು ಕಟ್ಟಿದರು. ತಡೆಯಲು ಕಾರಣಗಳ ಪಟ್ಟಿಯಲ್ಲಿ 'ಸರ್ಕಾರದ ಮೇಲಿನ ಜನರ ನಂಬಿಕೆ ವಿಶ್ವಾಸವನ್ನು ಕುಂದಿಸುವಂಥದ್ದು' ಎಂಬುದನ್ನೂ ಸೇರಿಸಿದರು. ಸರ್ವಾಧಿಕಾರಿ ಮರುವರ್ಷ ಓಡಿಹೋದ, ಹೊಸ ಸಂವಿಧಾನ ಬಂತು, ಆ ಸಾಲು ಇನ್ನೂ ಅಲ್ಲೇ ಇದೆ.

ಬುರ್ಗೋಸ್ ಅವರ ಮಗ ಜೋನಾಸ್, ರೈತರ ಜೊತೆ ಕೆಲಸ ಮಾಡುತ್ತಿದ್ದವರು, 2007ರ ಏಪ್ರಿಲ್ 28ರಂದು ಕೆಸೋನ್ ಸಿಟಿಯ ಮಾಲ್ ಒಂದರಿಂದ ಅಪಹರಣವಾದರು, ಇಂದಿಗೂ ಪತ್ತೆಯಿಲ್ಲ. 2013ರಲ್ಲಿ ಮೇಲ್ಮನವಿ ಕೋರ್ಟ್ ಇದಕ್ಕೆ ಸೇನೆಯನ್ನು ಹೊಣೆ ಮಾಡಿತು. ಇನ್ನೊಬ್ಬ ಮಗ ಜೆ. ಎಲ್. ಬುರ್ಗೋಸ್ ಅಣ್ಣನ ಹುಡುಕಾಟದ ಮೇಲೆ 'ಅಲಿಪಾತೊ ಆತ್ ಮುಓಗ್' ಎಂಬ ಸಾಕ್ಷ್ಯಚಿತ್ರ ಮಾಡಿದರು. 2024ರ ಆಗಸ್ಟ್‌ನಲ್ಲಿ ಸಿನೆಮಲಾಯಾ ಉತ್ಸವದಲ್ಲಿ ಅದಕ್ಕೆ ವಿಶೇಷ ತೀರ್ಪುಗಾರರ ಪ್ರಶಸ್ತಿ ಬಂತು, ಅದೇ ತಿಂಗಳು ಮಂಡಳಿಯಿಂದ ಎಕ್ಸ್ ಕೂಡ ಬಂತು. ಎಕ್ಸ್ ಎಂದರೆ ಸಾರ್ವಜನಿಕ ಪ್ರದರ್ಶನ ಇಲ್ಲ. ಕೊಟ್ಟ ಕಾರಣ ಅದೇ 1985ರ ಸಾಲು: ಸರ್ಕಾರದ ಮೇಲಿನ ನಂಬಿಕೆ ಕುಂದುತ್ತದೆ. ನಿರ್ಮಾಪಕರು ಎರಡನೇ ಪರಿಶೀಲನೆ ಕೋರಿದರು. ಬೇರೆ ಸದಸ್ಯರ ಸಮಿತಿ ನೋಡಿ ಸೆಪ್ಟೆಂಬರ್‌ನಲ್ಲಿ ಆರ್-16 ಕೊಟ್ಟಿತು. 16 ತುಂಬಿದವರು ನೋಡಬಹುದು.

ಹಾಗಾಗಿ ಎಕ್ಸ್ ಬಂದರೆ ಗಾಬರಿಪಡದೆ ಮೊದಲು ಎರಡನೇ ಪರಿಶೀಲನೆಗೆ ಅರ್ಜಿ ಹಾಕಬೇಕು. ಅಲ್ಲೂ ಆಗದಿದ್ದರೆ ಅಧ್ಯಕ್ಷರ ಕಚೇರಿಗೆ ಮೇಲ್ಮನವಿ ಹೋಗುತ್ತದೆ, ಅಲ್ಲಿಂದ ಮುಂದೆ ಕೋರ್ಟು. ಸರ್ಕಾರವನ್ನು ಟೀಕಿಸಿದ ಚಿತ್ರದ ಭವಿಷ್ಯವನ್ನು ಸರ್ಕಾರದ ಮುಖ್ಯಸ್ಥರ ಕಚೇರಿಯೇ ತೀರ್ಮಾನಿಸುವ ಏರ್ಪಾಡು ಇದು. ಇದನ್ನು ಬರೆದವರಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಾರದು. ಈ ನಡುವೆ ಚಿತ್ರ ಉಸಿರಾಡುವುದು ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಸಭಾಂಗಣದಂಥ ಜಾಗಗಳಲ್ಲಿ, ಮಂಡಳಿಯ ಹಂಗಿಲ್ಲದೆ.

ಹಣೆಪಟ್ಟಿ ಮತ್ತು ಅಂತರ್ಜಾಲ

2020ರ ಭಯೋತ್ಪಾದನಾ ವಿರೋಧಿ ಕಾಯ್ದೆಯ 9ನೇ ಸೆಕ್ಷನ್ ಪ್ರಚೋದನೆಯ ಸಾಧನಗಳನ್ನು ಹೆಸರಿಸುವಾಗ ಭಾಷಣ, ಬರಹದ ಜೊತೆಗೆ ಲಾಂಛನ, ಬ್ಯಾನರು, ಇತರ ನಿರೂಪಣೆಗಳನ್ನೂ ಸೇರಿಸುತ್ತದೆ. ಶಿಕ್ಷೆ 12 ವರ್ಷ. ವಾರಂಟ್ ಇಲ್ಲದೆ ಹಿಡಿದು 14 ದಿನ ಇಟ್ಟುಕೊಳ್ಳಬಹುದು, ಇನ್ನೂ 10 ದಿನ ವಿಸ್ತರಿಸಬಹುದು. ಪ್ರತಿಭಟನೆ ಭಯೋತ್ಪಾದನೆಯಲ್ಲ ಎಂಬ ವಿನಾಯಿತಿ ಕಾಯ್ದೆಯಲ್ಲೇ ಇತ್ತು, ಆದರೆ ಬಾಲದಲ್ಲಿ 'ಸಾವುನೋವು ಉಂಟುಮಾಡುವ ಉದ್ದೇಶ ಇಲ್ಲದಿದ್ದರೆ' ಎಂಬ ಅರ್ಥದ ಷರತ್ತು. ಅಂದರೆ ತನ್ನ ಉದ್ದೇಶ ಶುದ್ಧವೆಂದು ಪ್ರತಿಭಟಿಸಿದವನೇ ತೋರಿಸಬೇಕು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಬಾಲವನ್ನು ಕತ್ತರಿಸಿತು.

ಕಲಾವಿದರು ನಿಜವಾಗಿ ಹೆದರುವುದು ಕೇಸಿಗಿಂತ ಹಣೆಪಟ್ಟಿಗೆ. ಅಧಿಕಾರಿಗಳು ಫೇಸ್‌ಬುಕ್‌ನಲ್ಲಿ ಒಬ್ಬರ ಫೋಟೊ ಹಾಕಿ ಕಮ್ಯುನಿಸ್ಟ್ ಬಂಡುಕೋರರೆಂದು ಕರೆಯುವುದಕ್ಕೆ ಅಲ್ಲಿ ರೆಡ್-ಟ್ಯಾಗಿಂಗ್ ಎನ್ನುತ್ತಾರೆ. ಹಣೆಪಟ್ಟಿ ಬಿದ್ದವರಿಗೆ ಗ್ಯಾಲರಿ ಸಿಗುವುದಿಲ್ಲ, ಶಾಲೆಗಳು ಕಾರ್ಯಾಗಾರಕ್ಕೆ ಕರೆಯುವುದಿಲ್ಲ, ಕೆಲವರಿಗೆ ಗುಂಡೇಟೂ ಬಿದ್ದಿದೆ. ಇದು ಜೀವ, ಸ್ವಾತಂತ್ರ್ಯ, ಭದ್ರತೆಗೆ ಬೆದರಿಕೆಯೆಂದು 2024ರ ಮೇನಲ್ಲಿ ಪ್ರಕಟವಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಹಣೆಪಟ್ಟಿ ಬಿದ್ದವರು ಗುಂಡು ಹಾರುವವರೆಗೆ ಕಾಯದೆ 'ಅಂಪಾರೊ' ರಕ್ಷಣಾ ರಿಟ್ ಕೇಳಬಹುದು. ಅದಕ್ಕೆ ಪೋಸ್ಟಿನ ಸ್ಕ್ರೀನ್‌ಶಾಟ್, ಲಿಂಕು, ದಿನಾಂಕ, ಹಿಂಬಾಲಿಸಿದ ವಾಹನದ ನಂಬರು ಇಂಥವನ್ನು ಆಗಿಂದಾಗ ಕೂಡಿಟ್ಟಿರಬೇಕು, ಪೋಸ್ಟು ಅಳಿಸಿಹೋದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಕೃತಿಯ ಫೋಟೊವನ್ನು ಅಂತರ್ಜಾಲಕ್ಕೆ ಹಾಕಿದೊಡನೆ ಲೆಕ್ಕವೇ ಬದಲಾಗುತ್ತದೆ. 2012ರ ಸೈಬರ್ ಅಪರಾಧ ಕಾಯ್ದೆಯ 6ನೇ ಸೆಕ್ಷನ್, ದಂಡಸಂಹಿತೆಯ ಯಾವುದೇ ಅಪರಾಧವನ್ನು ಕಂಪ್ಯೂಟರ್ ಮೂಲಕ ಮಾಡಿದರೆ ಶಿಕ್ಷೆಯನ್ನು ಒಂದು ಮೆಟ್ಟಿಲು ಏರಿಸುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್ ಮಾನನಷ್ಟವನ್ನು ಮೂಲ ಬರಹಗಾರನ ಮಟ್ಟಿಗೆ ಉಳಿಸಿತು. ಲೈಕ್ ಒತ್ತಿದವರು, ಹಂಚಿದವರನ್ನು ಎಳೆಯುವ ಭಾಗವನ್ನೂ, ಕೋರ್ಟಿಗೆ ಹೋಗದೆ ಸರ್ಕಾರವೇ ಜಾಲತಾಣ ಮುಚ್ಚಿಸುವ ಅಧಿಕಾರವನ್ನೂ ತೆಗೆಯಿತು. ದೂರು ಕೊಡಲು ಎಷ್ಟು ಕಾಲಾವಕಾಶ ಎಂಬುದು ಬಹಳ ದಿನ ಗೊಂದಲವಾಗಿತ್ತು, ಹನ್ನೆರಡು ವರ್ಷ ಎಂದೂ ವಾದಿಸುತ್ತಿದ್ದರು. 2023ರ ಅಕ್ಟೋಬರ್‌ನ ತೀರ್ಪಿನ ಪ್ರಕಾರ ಈಗ ಅದು ಕಣ್ಣಿಗೆ ಬಿದ್ದ ದಿನದಿಂದ ಒಂದು ವರ್ಷ. ಹಾಗಾಗಿ ವ್ಯಂಗ್ಯಚಿತ್ರ ಹಾಕುವವರು ಮೊದಲು ಹಾಕಿದ ದಿನಾಂಕ ಕಾಣುವಂತೆ ಮೂಲ ಪೋಸ್ಟನ್ನು ಹಾಗೆಯೇ ಬಿಡುವುದು ಒಳ್ಳೆಯದು.